ಎಸ್‌ಓಎಸ್ ಎಂದರೆ ಯಾವಾಗ?

ಸರ್ಕಾರಿ ಕಡತಗಳ ನಡುವೆ ಮೂರು ದಶಕ ಕಳೆದವನಿಗೆ ಸಂಕ್ಷೇಪಾಕ್ಷರಗಳು ಹೊಸವೇನಲ್ಲ. ಎಲ್‌ಪಿಸಿ, ಡಿಪಿಸಿ, ಕೆಸಿಎಸ್‌ಆರ್‌ಗಳಿಲ್ಲದೆ ನಮ್ಮ ಕಚೇರಿಗಳಲ್ಲಿ ಒಂದು ಟಿಪ್ಪಣಿಯೂ ಮುಂದೆ ಸರಿಯುತ್ತಿರಲಿಲ್ಲ. ಅವು ಬಲ್ಲವರು ಬಲ್ಲವರಿಗೆ ಬರೆದುಕೊಳ್ಳುವ ಅಕ್ಷರಗಳು, ಅಷ್ಟರಮಟ್ಟಿಗೆ ತಕರಾರಿಲ್ಲ. ಆರ್‌ಟಿಸಿಯನ್ನು ನಮ್ಮ ಕಡೆಯ ರೈತ ಇಂದಿಗೂ ಉತಾರವೆಂದೇ ಕರೆಯುತ್ತಾನೆ; ಹೆಸರೇನಿದ್ದರೂ ಒಳಗಿನ ವಿಷಯ ಅವನಿಗೆ ಗೊತ್ತು. ಆಸ್ಪತ್ರೆಯಿಂದ ಮನೆಗೆ ಬರುವ ಕಾಗದದ ಮಾತು ಬೇರೆ.

ಶಿಗ್ಗಾವಿ ತಾಲ್ಲೂಕಿನ ಹುಲಗೂರಿನಲ್ಲಿರುವ ನಮ್ಮ ದೊಡ್ಡವ್ವನಿಗೆ ಎಂಬತ್ತು ದಾಟಿದೆ. ನಾಲ್ಕಾರು ವರ್ಷಗಳಿಂದ ಮರೆವಿನ ಕಾಯಿಲೆ. ಊರಿನವರು ಅದನ್ನು ಅರಳುಮರಳು ಎನ್ನುತ್ತಾರೆ. ಈಚೆಗೆ ಅವರು ಮೂತ್ರದ ಸೋಂಕಿಗೆ ಒಂದು ವಾರ ಆಸ್ಪತ್ರೆಯಲ್ಲಿದ್ದು ಮರಳಿದಾಗ ಜೊತೆಗೆ ಬಂದ ಬಿಡುಗಡೆ ಪತ್ರದಲ್ಲಿ 'ಎಡಿ, ಎಂಎಂಎಸ್‌ಇ 11, ಬಿಪಿಎಸ್‌ಡಿ, ಯುಟಿಐ' ಎಂದಿತ್ತು. ಕ್ವೆಟಿಯಾಪಿನ್ ಗುಳಿಗೆಯ ಎದುರು 'ಎಸ್‌ಓಎಸ್'. ಸೊಸೆ ಕಾಗದ ನನ್ನ ಕೈಗಿಟ್ಟು, “ಬಾವಾರ, ಇದನ್ನ ದಿನಾ ಕೊಡಬೇಕೇನ್ರಿ?” ಎಂದು ಕೇಳಿದರು. ಹತ್ತು ದಿನಗಳಿಂದ ಆಕೆ ದಿನವೂ ಕೊಡುತ್ತಿದ್ದರು. ಮುದುಕಿ ಹಗಲೆಲ್ಲ ಮಂಪರಿನಲ್ಲಿದ್ದಳು.

ಎಸ್‌ಓಎಸ್ ಎಂಬುದು ಲ್ಯಾಟಿನ್ ನುಡಿಗಟ್ಟೊಂದರ ಮೊದಲಕ್ಷರಗಳು; 'ಅಗತ್ಯಬಿದ್ದರೆ ಮಾತ್ರ' ಎಂದು ಅರ್ಥ. ಆದರೆ ಯಾವ ಅಗತ್ಯ? ಅದನ್ನು ನಿರ್ಧರಿಸುವವರು ಯಾರು? ದಿನಕ್ಕೆ ಎಷ್ಟು ಸಲ ಮೀರಬಾರದು? ಜ್ವರದ ಮಾತ್ರೆಯಾಗಿದ್ದರೆ ಈ ಪ್ರಶ್ನೆಗಳು ಅಷ್ಟು ಭಾರವಾದವಲ್ಲ. ಕ್ವೆಟಿಯಾಪಿನ್ ಮನೋರೋಗಕ್ಕೆಂದು ರೂಪುಗೊಂಡ ಔಷಧ. ಮರೆವಿನ ಕಾಯಿಲೆಯ ವೃದ್ಧರಿಗೆ ಈ ವರ್ಗದ ಔಷಧ ಕೊಟ್ಟಾಗ ಸಾವಿನ ಅಪಾಯ ಸುಮಾರು 1.6ರಿಂದ 1.7 ಪಟ್ಟು ಆಗುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿಯೇ ಎಚ್ಚರಿಸಿತ್ತು. ಕೊಡಲೇಬಾರದೆಂದಲ್ಲ, ಕೆಲವೊಮ್ಮೆ ಬೇರೆ ದಾರಿಯಿರುವುದಿಲ್ಲ. ಆದರೆ ಅಂಥ ಔಷಧದ ಬಳಕೆಯನ್ನು ಮೂರು ಅಕ್ಷರಗಳಲ್ಲಿ ಮುಗಿಸುವುದು ಅನ್ಯಾಯ.

ಬಿಪಿಎಸ್‌ಡಿ ಇನ್ನೂ ಜಾಣ ಸಂಕ್ಷೇಪ. ಸಂಜೆಯಾದೊಡನೆ 'ಮನೆಗೆ ಹೋಗೋಣ' ಎಂದು ಅಳುವುದು, ಬಂಗಾರ ಕದ್ದಳೆಂದು ಸೊಸೆಯನ್ನು ಬಯ್ಯುವುದು, ರಾತ್ರಿ ನಿದ್ರೆಗೆಟ್ಟು ತಿರುಗುವುದು, ಎಲ್ಲವೂ ಅದರೊಳಗೆ ಅಡಗುತ್ತವೆ. ಇವುಗಳ ಹಿಂದೆ ನೋವು, ಮಲಬದ್ಧತೆ, ಸೋಂಕು ಅಥವಾ ಬರೀ ಹೆದರಿಕೆ ಇರಬಹುದು; ಮೊದಲು ಹುಡುಕಬೇಕಾದದ್ದು ಅದನ್ನು. ಅಕ್ಷರಗಳನ್ನು ಬರೆದುಬಿಟ್ಟರೆ ಹುಡುಕುವ ಕೆಲಸ ಮುಗಿದಂತೆ ತೋರುತ್ತದೆ.

ಎಂಎಂಎಸ್‌ಇ ವಿಷಯವೂ ಹೀಗೆಯೇ. 1975ರಲ್ಲಿ ಅಮೆರಿಕದಲ್ಲಿ ರೂಪುಗೊಂಡ, 30 ಅಂಕಗಳ ಪರೀಕ್ಷೆಯದು. ಇಂದಿನ ತಾರೀಖು ಹೇಳಬೇಕು, ನೂರರಿಂದ ಏಳೇಳು ಕಳೆಯುತ್ತ ಹೋಗಬೇಕು, ಒಂದು ವಾಕ್ಯ ಬರೆಯಬೇಕು. ಶಾಲೆಯ ಮೆಟ್ಟಿಲು ಹತ್ತದ, ಕಾಲವನ್ನು ರೋಹಿಣಿ, ಮೃಗಶಿರಾ ಮಳೆಗಳಿಂದ ಅಳೆದ ದೊಡ್ಡವ್ವನಿಗೆ ಆರೋಗ್ಯವಾಗಿದ್ದಾಗಲೂ 30 ಸಿಗುತ್ತಿರಲಿಲ್ಲ. ಅದರ ಮೇಲೆ, ಸೋಂಕು ತಗುಲಿದಾಗ ವೃದ್ಧರ ಬುದ್ಧಿ ತಾತ್ಕಾಲಿಕವಾಗಿ ಕಲಕಿಹೋಗುತ್ತದೆ. ಆ ವಾರದ 11 ಎಂಬ ಅಂಕ ಎಷ್ಟು ಮರೆವಿನದು, ಎಷ್ಟು ಸೋಂಕಿನದು, ಎಷ್ಟು ಅನಕ್ಷರತೆಯದು ಎಂದು ಕಾಗದ ಹೇಳುವುದಿಲ್ಲ. ಮನೆಯವರಿಗೆ ಅದು ಅನುತ್ತೀರ್ಣವಾದಂತೆ ಕೇಳಿಸುತ್ತದೆ. ಹರಿಯಾಣದ ಬಲ್ಲಭಗಡದಲ್ಲಿ ಅಕ್ಷರ ಬಾರದವರಿಗಾಗಿ ಪ್ರಶ್ನೆಗಳನ್ನು ಬದಲಿಸಿದ ಹಿಂದಿ ರೂಪ 1995ರಲ್ಲಿಯೇ ಪ್ರಕಟವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಿದ್ಧಪಡಿಸಿದ ಪರೀಕ್ಷೆಗಳು ಕನ್ನಡದಲ್ಲೂ ಇವೆ. ಆದ್ದರಿಂದ ಸಾಧನವಿಲ್ಲ ಎನ್ನುವಂತಿಲ್ಲ.

ವೈದ್ಯ ಮತ್ತು ರೋಗಿಯ ನಡುವಿನ ಮಾಹಿತಿಯ ಅಂತರವನ್ನು ಕುರಿತು ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲಿ ಬರೆದ ಲೇಖನವನ್ನು ನಾವು ಎಂ.ಎ. ತರಗತಿಯಲ್ಲಿ ಓದಿದ್ದೆವು. ಆ ಅಂತರವನ್ನು ನಂಬಿಕೆ ತುಂಬುತ್ತದೆ ಎಂಬುದು ಅವರ ವಾದದ ಒಂದು ಎಳೆ. ಸಾಮಾನ್ಯ ರೋಗಿಯಾದರೆ ಗುಳಿಗೆ ಒಗ್ಗದಿದ್ದಾಗ ತಾನೇ ಹೇಳಿಕೊಳ್ಳುತ್ತಾನೆ. ಮರೆವಿನ ರೋಗಿಗೆ ಅದೂ ಆಗದು. ಗಮನಿಸಬೇಕಾದವಳು ಸೊಸೆ, ಸಂಬಳವಿಲ್ಲದ, ತರಬೇತಿಯಿಲ್ಲದ, ಇಪ್ಪತ್ತನಾಲ್ಕು ತಾಸಿನ ದಾದಿ. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವು 60 ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಈ ಕಾಯಿಲೆಯಿದೆಯೆಂದು ಅಂದಾಜಿಸಿದೆ. ಪ್ರಮಾಣ ಪಟ್ಟಣಕ್ಕಿಂತ ಹಳ್ಳಿಯಲ್ಲಿ, ಪುರುಷರಿಗಿಂತ ಮಹಿಳೆಯರಲ್ಲಿ ಹೆಚ್ಚು.

ಔಷಧಚೀಟಿಯನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟು ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಅಂದಿನ ವೈದ್ಯಕೀಯ ಮಂಡಳಿ 2016ರಲ್ಲಿ ನಿಯಮ ತಿದ್ದಿತು. (ಆ ಮಂಡಳಿಯ ಹ್ರಸ್ವನಾಮವೂ ಎಂಸಿಐ, ಮರೆವಿನ ಆರಂಭಿಕ ಹಂತಕ್ಕೂ ವೈದ್ಯರು ಎಂಸಿಐ ಎಂದೇ ಬರೆಯುತ್ತಾರೆ. ಮಂಡಳಿ 2020ರಲ್ಲಿ ಹೋಯಿತು, ಕಾಯಿಲೆ ಉಳಿಯಿತು.) ಎಸ್‌ಓಎಸ್ ಎಂದು ದೊಡ್ಡಕ್ಷರದಲ್ಲಿ ಬರೆದರೂ ಅದು ಎಸ್‌ಓಎಸ್ಸೇ. 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು ಸರ್ಕಾರಿ ವೈದ್ಯರು ಕನ್ನಡದಲ್ಲಿ ಚೀಟಿ ಬರೆಯಬೇಕೆಂದು ಕೋರಿದಾಗ ಚರ್ಚೆ ಔಷಧದ ಹೆಸರಿನ ಸುತ್ತಲೇ ಹೆಚ್ಚು ತಿರುಗಿತು. ಹೆಸರು ಇಂಗ್ಲಿಷಿನಲ್ಲಿಯೇ ಇರಲಿ ಎಂಬುದು ನನ್ನ ಅಭಿಪ್ರಾಯ. ಅಂಗಡಿಯವನಿಗೆ ಅದೇ ಸುರಕ್ಷಿತ. ಕನ್ನಡದಲ್ಲಿರಬೇಕಾದದ್ದು ಸೂಚನೆ. ಬಿಪಿಎಸ್‌ಡಿಯನ್ನು ಕನ್ನಡ ಲಿಪಿಯಲ್ಲಿ ಬರೆದ ಮಾತ್ರಕ್ಕೆ ಅದು ಕನ್ನಡವಾಗದು ಎಂಬುದನ್ನು ಈ ಲೇಖನವೇ ತೋರಿಸುತ್ತಿದೆ.

2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ ಮಿದುಳು ಆರೋಗ್ಯದ ಕಾರ್ಯಕ್ರಮ ಆರಂಭಿಸಿತು. ಅದರ ಚಿಕಿತ್ಸಾಲಯಗಳಿಂದಲೇ ಈ ಕೆಲಸ ತೊಡಗಬಹುದು. ಬಿಡುಗಡೆ ಪತ್ರಕ್ಕೆ ಕನ್ನಡದ ಒಂದು ಪುಟ ಸೇರಿಸಿದರೆ ಸಾಕು: ಕಾಯಿಲೆಯ ಹೆಸರು ಬಿಡಿಸಿ, ಯಾವ ಗುಳಿಗೆ ಯಾವ ಹೊತ್ತಿಗೆ, ಬೇಕಾದಾಗ ಕೊಡುವುದಾದರೆ ಯಾವ ಲಕ್ಷಣ ಕಂಡಾಗ, ದಿನಕ್ಕೆ ಗರಿಷ್ಠ ಎಷ್ಟು, ಯಾವಾಗ ನಿಲ್ಲಿಸಬೇಕು, ಸಂಶಯ ಬಂದರೆ ಯಾವ ದೂರವಾಣಿಗೆ ಕರೆ. ದಾದಿಯೊಬ್ಬರು ಅದನ್ನು ಓದಿ ಹೇಳಿ, ಮನೆಯವರಿಂದ ಒಮ್ಮೆ ತಿರುಗಿ ಹೇಳಿಸಿ ಸಹಿ ಪಡೆಯಲಿ. ಬಿಲ್ ಪಾವತಿಗೆ ಸಹಿ ಪಡೆಯುವ ವ್ಯವಸ್ಥೆ ಎಲ್ಲ ಆಸ್ಪತ್ರೆಗಳಲ್ಲೂ ಈಗಾಗಲೇ ಇದೆ.