ಮಾರ್ಥಾ ಮತ್ತೆ ಬಡಿಸಿದಳು

ಜುಲೈ ತಿಂಗಳ ಒಂದು ಭಾನುವಾರ ಬೆಳಿಗ್ಗೆ. ಸಂತ ಫಿಲೋಮಿನಾ ದೇವಾಲಯದಲ್ಲಿ ಬಲಿಪೂಜೆ. ಪಕ್ಕದಲ್ಲಿ ಅಮ್ಮ. ಗುರುಗಳು ಪರಮಪ್ರಸಾದವನ್ನು ಎತ್ತಿ ಹಿಡಿದರು, ಗಂಟೆ ಬಾರಿಸಿತು, ಎಲ್ಲರೂ ತಲೆ ಬಾಗಿಸಿದರು. ನಾನೂ ಬಾಗಿಸಿದೆ. ಆದರೆ ನನ್ನ ತಲೆ ಬಾಗಿದ್ದು ದುಪಟ್ಟಾದ ಮರೆಯಲ್ಲಿದ್ದ ಫೋನಿನ ಕಡೆಗೆ.

ಆಫೀಸಿನ ಗ್ರೂಪಿನಲ್ಲಿ ಹದಿನಾಲ್ಕು ಹೊಸ ಮೆಸೇಜು. ಮಾರನೆಯ ದಿನ, ಸೋಮವಾರ ಹನ್ನೊಂದು ಗಂಟೆಗೆ, ಇಡೀ ಟೀಮಿಗೆ ಒಂದು ಮೀಟಿಂಗ್ ಇತ್ತು. ಯಾಕೆ ಅಂತ ಹೇಳಿರಲಿಲ್ಲ. ಹೇಳದೇ ಇದ್ದದ್ದೇ ಎಲ್ಲವನ್ನೂ ಹೇಳಿತ್ತು. ಯಾರ ಹೆಸರು ಪಟ್ಟಿಯಲ್ಲಿದೆ, ಎಷ್ಟು ತಿಂಗಳ ಸಂಬಳ ಕೊಡ್ತಾರೆ, ಲ್ಯಾಪ್‌ಟಾಪ್ ಅವತ್ತೇ ಕೊಡಬೇಕಾ ಅನ್ನೋ ಚರ್ಚೆ. ನನಗೆ ಮನೆ ಸಾಲದ ಕಂತು ಇನ್ನೂ ಹನ್ನೆರಡು ವರ್ಷ ಇದೆ.

ಅಮ್ಮ ನೋಡಿಬಿಟ್ಟಳು. ಹೊರಗೆ ಬಂದ ಮೇಲೆ ಮೆಟ್ಟಿಲ ಹತ್ತಿರ ಕೇಳಿದಳು, "ದೇವ್ರನ್ನ ಎತ್ತಿ ತೋರಿಸೋ ಹೊತ್ತಲ್ಲಿ ಏನೇ ಅದು?"

"ಆಫೀಸು ಅಮ್ಮ."

"ಭಾನುವಾರಾನೂವಾ?"

ಸೋಮವಾರದ ವಿಷಯ ಅವಳಿಗೆ ಹೇಳಿರಲಿಲ್ಲ. ಬಿಪಿ ಇದೆ. ಹಾಗಾಗಿ ಸುಮ್ಮನೆ ನಕ್ಕೆ.

ನಮ್ಮದು ಲಷ್ಕರ್ ಮೊಹಲ್ಲಾ. ಲಷ್ಕರ್ ಅಂದರೆ ಸೈನ್ಯ, ದಂಡು. ಹೆಸರಿಗೆ ತಕ್ಕ ಹಾಗೆ ಇವತ್ತಿಗೂ ಇಲ್ಲಿ ಗದ್ದಲಕ್ಕೆ ಬರವಿಲ್ಲ. ಅಶೋಕ ರಸ್ತೆಯ ಆಟೋ, ಅಂಗಡಿಯವರ ಕೂಗು, ಲಾರಿ ಹಾರ್ನು, ದೇವಾಲಯದ ಮುಂದೆ ಎರಡು ಗೋಪುರವೂ ಫೋಟೋದಲ್ಲಿ ಬರಲಿ ಅಂತ ಹಿಂದಕ್ಕೆ ಹಿಂದಕ್ಕೆ ನಡೆಯುವ ಪ್ರವಾಸಿಗಳು. ಗೋಪುರ ಒಂದೊಂದೂ 175 ಅಡಿ, ಹತ್ತಿರದಿಂದ ತೆಗೆದರೆ ಬರೋದಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1843ರಲ್ಲಿ, ಇಲ್ಲಿ ಒಂದು ಚಿಕ್ಕ ಚರ್ಚು ಕಟ್ಟಿಸಿದ್ದರು. ಈಗಿನ ಕಟ್ಟಡಕ್ಕೆ ನಾಲ್ವಡಿಯವರು ಅಡಿಗಲ್ಲು ಹಾಕಿದ್ದು 1933ರ ಅಕ್ಟೋಬರ್ 28ರಂದು. ಜರ್ಮನಿಯ ಕಲೋನ್ ಪ್ರಧಾನಾಲಯದ ಮಾದರಿ ಅಂತ ಮೊಹಲ್ಲಾದ ಮಕ್ಕಳಿಗೂ ಬಾಯಿಪಾಠ. ನಾನೂ ಬಾಲ್ಯದಿಂದ ಬಂದ ನೆಂಟರಿಗೆಲ್ಲ ಅದನ್ನೇ ಒಪ್ಪಿಸುತ್ತಾ ಬಂದವಳು. ಒಳಗೆ ಕೂತು ಪ್ರಾರ್ಥನೆ ಮಾಡುವುದು ಮಾತ್ರ, ಈ ನಾಲ್ಕೈದು ವರ್ಷದಲ್ಲಿ, ನನ್ನ ಕೈಲಿ ಆಗ್ತಾ ಇರಲಿಲ್ಲ.

ಅವತ್ತಿನ ಶುಭಸಂದೇಶ ಕೂಡ ನೋಡಿ, ಲೂಕನ ಹತ್ತನೇ ಅಧ್ಯಾಯದ ಮಾರ್ಥಾ ಮತ್ತು ಮರಿಯಳ ಪ್ರಸಂಗ. ಮೂರು ವರ್ಷಕ್ಕೊಮ್ಮೆ ಭಾನುವಾರದ ಪಾಠವಾಗಿ ಬರುತ್ತೆ. ಯೇಸುಸ್ವಾಮಿ ಇವರ ಮನೆಗೆ ಬರುತ್ತಾರೆ. ತಂಗಿ ಮರಿಯ ಪಾದದ ಬಳಿ ಕೂತು ಮಾತು ಕೇಳುತ್ತಾಳೆ. ಅಕ್ಕ ಮಾರ್ಥಾ ಅಡುಗೆ, ಉಪಚಾರ ಅಂತ ಓಡಾಡಿ ಸುಸ್ತಾಗಿ, ಇವಳಿಗೆ ಸ್ವಲ್ಪ ಹೇಳಬಾರದಾ ಅಂತ ದೂರುತ್ತಾಳೆ. ಯೇಸು ಮಾರ್ಥಾಳ ಹೆಸರನ್ನು ಎರಡು ಸಲ ಕರೆದು, ನೀನು ಹತ್ತಾರು ವಿಷಯಕ್ಕೆ ಚಿಂತೆ ಮಾಡ್ತಿದ್ದೀಯ, ಬೇಕಾಗಿರೋದು ಒಂದೇ, ಅನ್ನೋ ಅರ್ಥದಲ್ಲಿ ಮಾತಾಡುತ್ತಾರೆ.

ಈ ಪಾಠ ಬಂದಾಗಲೆಲ್ಲ ಹೆಂಗಸರ ಸಾಲಿನಲ್ಲಿ ಒಂದು ಸಣ್ಣ ನಿಟ್ಟುಸಿರು ಕೇಳಿಸುತ್ತೆ. ನನ್ನ ಅಮ್ಮ ಬೆಳಿಗ್ಗೆ ಐದಕ್ಕೇ ಎದ್ದು ಕೋಳಿಗೆ ಮಸಾಲೆ ಹಚ್ಚಿಟ್ಟು ಬಂದಿದ್ದಳು. ಎಲ್ಲರೂ ಮರಿಯಳ ಹಾಗೆ ಕೂತರೆ ಮಧ್ಯಾಹ್ನ ಊಟ ಯಾರು ಹಾಕ್ತಾರೆ? ನಮ್ಮಂಥವರ ಪ್ರಶ್ನೆಯೂ ಅದೇ. ಡೆಡ್‌ಲೈನ್ ಇದೆ, ಕಂತು ಇದೆ, ಅಪ್ಪ ಅಮ್ಮನ ಔಷಧಿ ಇದೆ. ಎಲ್ಲ ಬಿಟ್ಟು ಕೂರು ಅಂದರೆ ಯಾರ ಕೈಲಾಗುತ್ತೆ? ಹಾಗಾದರೆ ಕ್ರಿಸ್ತನ ಆನಂದ ಅನ್ನೋದು ಮಠದಲ್ಲಿರುವವರಿಗೆ, ರಿಟೈರ್ ಆದವರಿಗೆ ಮಾತ್ರವಾ?

ಪೂಜೆ ಮುಗಿದ ಮೇಲೆ ಅಮ್ಮನ ಜೊತೆ ಕೆಳಗಿನ ನೆಲಮಾಳಿಗೆಗೆ ಇಳಿದೆ. ಸಂತ ಫಿಲೋಮಿನಾಳ ಮಲಗಿದ ಪ್ರತಿಮೆ ಇರುವ ಜಾಗ. ಇಲ್ಲಿಗೆ ನಮ್ಮವರಷ್ಟೇ ಬರುವುದಲ್ಲ, ಹಣೆಗೆ ಕುಂಕುಮ ಇಟ್ಟವರೂ ಬುರ್ಖಾ ಹಾಕಿದವರೂ ಬರುತ್ತಾರೆ. ಇಳಿಯುತ್ತಿದ್ದ ಹಾಗೆ ನನ್ನ ಫೋನಿನ ಸಿಗ್ನಲ್ ಹೋಯಿತು. ಮೊದಲ ಒಂದು ನಿಮಿಷ ಏನೋ ಕಳೆದುಕೊಂಡ ಹಾಗೆ ಕೈ ಚಡಪಡಿಸಿತು, ನಾಚಿಕೆ ಆಗುವಷ್ಟು. ನನ್ನ ಮುಂದೆ ಒಬ್ಬ ಅಜ್ಜಿ ನಿಂತಿದ್ದರು, ಮಾರ್ಕೆಟಿನಲ್ಲಿ ಸೊಪ್ಪು ಮಾರುವವರಿರಬೇಕು, ಸೆರಗಿನ ಗಂಟಿನಲ್ಲಿ ಚಿಲ್ಲರೆ. ಅವರು ಗಟ್ಟಿಯಾಗಿಯೇ ಮಾತಾಡ್ತಿದ್ದರು. ಮಗನ ಹೆಸರು ಹೇಳಿದರು, ಕಾಲಿಗೆ ಏನಾಗಿದೆ ಅಂತ ಹೇಳಿದರು, ಡಾಕ್ಟರು ಏನಂದರು ಅಂತ ಹೇಳಿದರು, ಹೋದ ವಾರ ಜ್ವರ ಬಿಟ್ಟಿದ್ದಕ್ಕೆ ಒಂದು ಥ್ಯಾಂಕ್ಸ್ ಕೂಡ ಸೇರಿಸಿದರು. ಆಮೇಲೆ "ಬರ್ತೀನಮ್ಮಾ" ಅಂತ ಹೇಳಿ ಹೋದರು. ಎರಡು ನಿಮಿಷ ಅಷ್ಟೇ.

ನಾನು ವಾರದಿಂದ ಹಗಲೂ ರಾತ್ರಿ ಚಿಂತೆ ಮಾಡಿದ್ದೆ. ಒಂದು ಸಲವೂ ನನಗೇನು ಬೇಕು ಅಂತ ದೇವರ ಹತ್ತಿರ ಹೀಗೆ ಹೆಸರಿಟ್ಟು ಕೇಳಿರಲಿಲ್ಲ.

ರಾತ್ರಿ ನಿದ್ದೆ ಬರಲಿಲ್ಲ. ಫಿಲಿಪ್ಪಿಯವರಿಗೆ ಪೌಲ ಬರೆದ ಪತ್ರ ತೆಗೆದೆ. ಆನಂದದ ಪತ್ರ ಅಂತಲೇ ಅದಕ್ಕೆ ಹೆಸರು. ನಾಲ್ಕೇ ಅಧ್ಯಾಯ, ಮೂಲ ಗ್ರೀಕ್‌ನಲ್ಲಿ ಆನಂದಕ್ಕೆ ಸಂಬಂಧಿಸಿದ ಪದಗಳು ಹದಿನಾರು ಸಲ ಬರುತ್ತವೆ. ಬರೆದದ್ದು ಸೆರೆಮನೆಯಿಂದ, ತೀರ್ಪು ಸಾವೋ ಬಿಡುಗಡೆಯೋ ಗೊತ್ತಿಲ್ಲದೆ. ಸೋಮವಾರದ ಮೀಟಿಂಗ್ ಇವರದ್ದೂ ಬಾಕಿ ಇತ್ತು ಅನ್ನಿ.

ನಾವು ಈ ಪತ್ರದಿಂದ ಎತ್ತಿಕೊಳ್ಳುವುದು ನಾಲ್ಕನೇ ಅಧ್ಯಾಯ ಮಾತ್ರ, ಚಿಂತೆ ಬೇಡ ಅನ್ನೋ ಭಾಗ. ಸ್ಟೇಟಸ್‌ಗೆ ಹಾಕಲು ಚೆನ್ನಾಗಿರುತ್ತೆ. ಎರಡನೇ ಅಧ್ಯಾಯ ಯಾರೂ ಹಾಕಲ್ಲ. ಅಲ್ಲಿ ಎಪಫ್ರೊದೀತ ಅನ್ನುವವನ ಕಥೆ ಇದೆ. ಫಿಲಿಪ್ಪಿಯವರು ಪೌಲನಿಗೆ ಕಾಣಿಕೆ ಕೊಟ್ಟು ಕಳಿಸಿದ ಮನುಷ್ಯ. ಬಂದವನು ಕಾಯಿಲೆ ಬಿದ್ದು ಸಾಯುವ ಸ್ಥಿತಿಗೆ ಹೋದ. ಅವನಿಗೆ ಸಂಕಟ ಏನಂತೀರಿ? ತನ್ನ ಕಾಯಿಲೆ ಊರಿನವರಿಗೆ ಗೊತ್ತಾಗಿ ಅವರು ನೊಂದುಕೊಂಡರಲ್ಲ ಅಂತ! ಥೇಟ್ ನಮ್ಮ ಅಮ್ಮಂದಿರು. ಪೌಲ ಕೂಡ ಅಲ್ಲಿ ಮುಚ್ಚಿಡುವುದಿಲ್ಲ, ಇವನು ಹೋಗಿಬಿಟ್ಟಿದ್ದರೆ ನನಗೆ ದುಃಖದ ಮೇಲೆ ದುಃಖ ಆಗ್ತಿತ್ತು ಅನ್ನುತ್ತಾನೆ. ಅಂದರೆ ಆನಂದದ ಬಗ್ಗೆ ಅಷ್ಟು ಸಲ ಬರೆದ ಮನುಷ್ಯನಿಗೆ ದುಃಖವೂ ಇತ್ತು, ಆತಂಕವೂ ಇತ್ತು. ಇದನ್ನು ಓದಿ ನನಗೆ ಎಷ್ಟು ಸಮಾಧಾನ ಆಯಿತು ಅಂದರೆ, ನಮ್ಮ ಕಡೆ ನಗುನಗುತ್ತಾ ಇರದಿದ್ದರೆ ವಿಶ್ವಾಸ ಕಡಿಮೆ ಅನ್ನುವವರು ತುಂಬಾ ಜನ ಇದ್ದಾರೆ.

ಇನ್ನೊಂದು ವಿಷಯ ನನ್ನ ಬೈಬಲ್ ಗುಂಪಿನ ಒಬ್ಬರು ಹೇಳಿಕೊಟ್ಟದ್ದು. ಚಿಂತೆ ಮಾಡಬೇಡಿ ಅನ್ನುವಲ್ಲಿ ಪೌಲ ಬಳಸುವ ಗ್ರೀಕ್ ಕ್ರಿಯಾಪದ ಮೆರಿಮ್ನಾವೊ. ಯೇಸು ಮಾರ್ಥಾಗೆ ಹೇಳುವಾಗ ಲೂಕ ಬಳಸುವುದೂ ಇದೇ ಪದ. ಆದರೆ ಎರಡನೇ ಅಧ್ಯಾಯದಲ್ಲಿ ಪೌಲ ತಿಮೊಥೇಯನನ್ನು ಹೊಗಳುವಾಗಲೂ ಇದೇ ಪದ ಬರುತ್ತೆ, ನಿಮ್ಮ ಬಗ್ಗೆ ಅವನಷ್ಟು ಪ್ರಾಮಾಣಿಕವಾಗಿ ಕಾಳಜಿ ಮಾಡುವವರು ಬೇರೆ ಇಲ್ಲ ಅನ್ನುವ ಕಡೆ. ಚಿಂತೆ, ಕಾಳಜಿ ಎರಡಕ್ಕೂ ಒಂದೇ ಪದ! ನನ್ನ ಸುತ್ತ ನಾನೇ ಗಿರಕಿ ಹೊಡೆದರೆ ಅದು ಚಿಂತೆ, ಇನ್ನೊಬ್ಬರ ಮನೆ ಬಾಗಿಲಿಗೆ ನಡೆದರೆ ಕಾಳಜಿ. ನಾನು ಅರ್ಥ ಮಾಡಿಕೊಂಡದ್ದು ಹೀಗೆ.

ಚಿಂತೆ ಬಿಡಿ ಅಂತ ಹೇಳಿ ಪೌಲ ಅಲ್ಲಿಗೇ ನಿಲ್ಲಿಸುವುದೂ ಇಲ್ಲ. ಅದನ್ನು ಕೋರಿಕೆ ಮಾಡಿ, ಕೃತಜ್ಞತೆ ಸೇರಿಸಿ, ದೇವರಿಗೆ ತಿಳಿಸಿ ಅನ್ನುತ್ತಾನೆ. ಸೊಪ್ಪಿನ ಅಜ್ಜಿ ಮಾಡಿದ್ದು ಅಕ್ಷರಶಃ ಅದನ್ನೇ. "ಏನಾಗುತ್ತೋ" ಅನ್ನುವುದಕ್ಕೆ ತಲೆಯೂ ಇಲ್ಲ ಬಾಲವೂ ಇಲ್ಲ, ಅದನ್ನು ಯಾರಿಗೂ ಒಪ್ಪಿಸಲಾಗದು. "ನಾಳೆ ಹನ್ನೊಂದಕ್ಕೆ ನನ್ನ ಧ್ವನಿ ನಡುಗದೆ ಇರಲಿ" ಅನ್ನುವುದನ್ನು ಒಪ್ಪಿಸಬಹುದು. ಅವತ್ತು ರಾತ್ರಿ ನಾನು ಕೇಳಿದ್ದು ಇಷ್ಟೇ. ಕೆಲಸ ಉಳಿಸು ಅಂತಲೂ ಕೇಳಿದೆ, ಸುಳ್ಳು ಯಾಕೆ.

ಸೋಮವಾರ ಬಂತು. ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ. ಆರು ವರ್ಷ ನನ್ನ ಜೊತೆ ಕೆಲಸ ಮಾಡಿದ ಗೆಳತಿಯ ಹೆಸರಿತ್ತು.

ನನಗೆ ಆದದ್ದನ್ನು ಇದ್ದ ಹಾಗೇ ಬರೆಯುತ್ತೇನೆ. ಮೊದಲು ಆದದ್ದು ನಿರಾಳ, ಮೈ ಹಗುರ ಆಗುವಷ್ಟು. ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು "ದೇವರು ದೊಡ್ಡವನು" ಅಂದೆ. ಅಂದ ತಕ್ಷಣ ಬಾಯಿ ಕಹಿಯಾಯಿತು. ದೇವರು ನನಗೆ ದೊಡ್ಡವನಾದರೆ ಅವಳಿಗೆ? ಈ ನಿರಾಳ ಮುಂದಿನ ಪಟ್ಟಿ ಬರುವ ತನಕ ಮಾತ್ರ ಅಂತಲೂ ಗೊತ್ತಿತ್ತು. ಅವಳು ಮನೆಗೆ ಹೋಗುವುದರಿಂದ ನನಗೆ ಸಿಕ್ಕಿದ್ದನ್ನು ನಾನು ಆನಂದ ಅಂತ ಕರೆಯಲು ಹೊರಟಿದ್ದೆ.

ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಏನು ಮಾತಾಡೋದು ಅಂತ ಹೆದರಿಕೆ. ಇಮೋಜಿ ಹಾಕಿ ಸುಮ್ಮನಾದೆ. ಎರಡು ದಿನ ಹಾಗೇ ಹೋಯಿತು.

ನಾನು ವಾರಕ್ಕೆ ಎರಡು ದಿನ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಹೋಗುತ್ತೇನೆ. ಬುಧವಾರ ಬೆಳಿಗ್ಗೆ ಮೈಸೂರು ಬಿಡುವಾಗ ಫೋನನ್ನು ಬ್ಯಾಗಿನ ಒಳಗೆ, ಟಿಫಿನ್ ಡಬ್ಬಿಯ ಕೆಳಗೆ ಇಟ್ಟೆ. ಶ್ರೀರಂಗಪಟ್ಟಣದ ಕಾವೇರಿ ಸೇತುವೆ ದಾಟುವವರೆಗೆ ತೆಗೆಯಬಾರದು ಅಂತ ಲೆಕ್ಕ. ಹೆಚ್ಚೆಂದರೆ ಇಪ್ಪತ್ತು ನಿಮಿಷ. ಮೊದಲ ಐದು ನಿಮಿಷ ಕಿಟಕಿ ಆಚೆ ನೋಡಿದೆ, ಆಮೇಲೆ ಜಪಸರ ತೆಗೆದೆ, ಮಧ್ಯದಲ್ಲಿ ಮನಸ್ಸು ಮೂರು ಸಲ ಬಾಸ್ ಹತ್ತಿರ ಹೋಗಿ ಬಂತು. ಬಂದಾಗಲೆಲ್ಲ ಬಿಟ್ಟ ಮಣಿಯಿಂದ ಮುಂದುವರಿಸಿದೆ. ಬೈದುಕೊಳ್ಳಲಿಲ್ಲ. ಮನಸ್ಸು ಓಡಿತು ಅಂತ ಬೈದುಕೊಳ್ಳುವುದು ಕೂಡ ಒಂದು ಗಿರಕಿ ಅಂತ ನನಗೆ ಈಗ ಅನ್ನಿಸುತ್ತೆ. ಹೊಳೆ ಬಂತು, ಮಳೆಗಾಲದ ಕೆಂಪು ನೀರು. ಗೆಳತಿಯ ಹೆಸರು ಹೇಳಿ ಕೇಳಿಕೊಂಡೆ. ಹೇಳುತ್ತಿದ್ದ ಹಾಗೇ ಗೊತ್ತಾಯಿತು, ಅವಳ ಹೆಸರನ್ನು ಪ್ರಾರ್ಥನೆಯಲ್ಲಿ ತೆಗೆದುಕೊಂಡ ಮೇಲೆ ಫೋನ್ ಮಾಡದೆ ಇರಲು ನನಗೆ ಸಾಧ್ಯವಿಲ್ಲ ಅಂತ.

ಪಾಂಡವಪುರ ಬರುವಷ್ಟರಲ್ಲಿ ಮಾಡಿದೆ. ಅವಳು ಅತ್ತಳು, ನಾನೂ ಅತ್ತೆ. ಎದುರಿಗೆ ಕೂತಿದ್ದ ಅಂಕಲ್ ಪೇಪರ್ ಎತ್ತಿ ಮುಖ ಮುಚ್ಚಿಕೊಂಡರು, ಪಾಪ. "ಭಾನುವಾರ ಊಟಕ್ಕೆ ಬಾರೆ" ಅಂದೆ. ಬೇರೆ ಏನೂ ಹೊಳೆಯಲಿಲ್ಲ.

ಇಲ್ಲಿ ಮಾರ್ಥಾ ವಿಷಯಕ್ಕೆ ವಾಪಸ್ ಬರಬೇಕು. ಅವಳ ಕಥೆ ಲೂಕನ ಹತ್ತನೇ ಅಧ್ಯಾಯದಲ್ಲೇ ಮುಗಿಯಿತು ಅಂತ ನಾನು ತಿಳಿದಿದ್ದೆ. ಬೈಸಿಕೊಂಡ ಅಕ್ಕ, ಅಷ್ಟೇ. ಆದರೆ ಯೊವಾನ್ನನ ಶುಭಸಂದೇಶದಲ್ಲಿ ಅವಳು ಮತ್ತೆ ಎರಡು ಕಡೆ ಬರುತ್ತಾಳೆ. ಹನ್ನೊಂದನೇ ಅಧ್ಯಾಯದಲ್ಲಿ ತಮ್ಮ ಲಾಜರ ಸತ್ತಾಗ ಯೇಸುವನ್ನು ಎದುರುಗೊಳ್ಳಲು ಊರ ಹೊರಗೆ ಓಡಿ ಹೋದವಳು ಅವಳೇ, ನೀನೇ ಕ್ರಿಸ್ತ ಎಂದು ಒಪ್ಪಿಕೊಂಡವಳೂ ಅವಳೇ. ಮರಿಯ ಆಗ ಮನೆಯಲ್ಲೇ ಕೂತಿದ್ದಳು. ಹನ್ನೆರಡನೇ ಅಧ್ಯಾಯದಲ್ಲಿ, ಪಾಸ್ಖ ಹಬ್ಬಕ್ಕೆ ಆರು ದಿನ ಮೊದಲು, ಬೇಥಾನ್ಯದಲ್ಲಿ ಮತ್ತೊಂದು ಊಟ. ಬದುಕಿ ಬಂದ ಲಾಜರ ಪಂಕ್ತಿಯಲ್ಲಿದ್ದಾನೆ. ಮರಿಯ ಮತ್ತೆ ಯೇಸುವಿನ ಪಾದದ ಹತ್ತಿರ, ಸುಗಂಧ ತೈಲ ಹಿಡಿದು. ಮಾರ್ಥಾ ಎಲ್ಲಿ? ಬಡಿಸುತ್ತಿದ್ದಾಳೆ!

ಅವಳು ಅಡುಗೆಮನೆ ಬಿಡಲಿಲ್ಲ ನೋಡಿ. ಕೆಲಸ ಅದೇ, ಮನೆಗೆ ಬಂದ ಅತಿಥಿಯೂ ಅದೇ. ತಂಗಿ ಈ ಸಲವೂ ಕೈ ಜೋಡಿಸಿದ ಹಾಗೆ ಕಾಣುವುದಿಲ್ಲ. ಆದರೆ ಮಾರ್ಥಾ ಬಾಯಲ್ಲಿ ದೂರು ಇಲ್ಲ. ಈ ಸಲ ದೂರು ಹೇಳುವುದು ಯೂದ, ಮುನ್ನೂರು ದಿನಾರಿಯ ತೈಲ ದಂಡ ಆಯಿತಂತೆ. ಲೂಕ ಹಿಂದೆ ಅವಳನ್ನು ವರ್ಣಿಸುವಾಗ ಬಳಸಿದ ಪದಕ್ಕೆ ಸುತ್ತಲೂ ಎಳೆದಾಡಿಸಿಕೊಳ್ಳುವುದು ಅಂತ ಅರ್ಥ. ಯೊವಾನ್ನನಲ್ಲಿ ಆ ಪದ ಬರುವುದಿಲ್ಲ. ಬಡಿಸುತ್ತಿದ್ದಳು, ಅಷ್ಟೇ ಇದೆ. ಜುಲೈ 29ರಂದು ಮೊದಲು ಮಾರ್ಥಾ ಒಬ್ಬಳ ಸ್ಮರಣೆ ಇತ್ತು. 2021ರಿಂದ ಪೋಪ್ ಫ್ರಾನ್ಸಿಸ್ ಅದನ್ನು ಮಾರ್ಥಾ, ಮರಿಯ, ಲಾಜರ ಮೂವರ ಸ್ಮರಣೆ ಮಾಡಿದರು. ಒಂದೇ ಮನೆಯ ಮಕ್ಕಳಲ್ಲವಾ, ಒಟ್ಟಿಗೆ ಇರಲಿ. ನನಗಂತೂ ಇಷ್ಟವಾಯಿತು.

ಭಾನುವಾರ ಗೆಳತಿ ಬೆಂಗಳೂರಿನಿಂದ ಬಂದಳು, ಮಗಳನ್ನೂ ಕರೆದುಕೊಂಡು. ಅಷ್ಟರಲ್ಲಿ ಅಮ್ಮನಿಗೆ ಎಲ್ಲ ಹೇಳಿಬಿಟ್ಟಿದ್ದೆ. ಬಿಪಿ ಏನೂ ಏರಲಿಲ್ಲ. "ಇದನ್ನ ಹೇಳಕ್ಕೆ ಒಂದು ವಾರ ಬೇಕಾಯ್ತಾ ನಿಂಗೆ?" ಅಂತ ಬೈದು, ಕೋಳಿ ಅರ್ಧ ಕೇಜಿ ಜಾಸ್ತಿ ತರಿಸಿದಳು. ಗೆಳತಿ ಬ್ರಾಹ್ಮಣರ ಹುಡುಗಿ, ಅವಳು ತಿನ್ನಲ್ಲ ಅಂತ ನೆನಪಾಗಿದ್ದು ಮಸಾಲೆ ಅರೆದ ಮೇಲೆ. ಅವಸರದಲ್ಲಿ ಹುರುಳಿಕಾಯಿ ಪಲ್ಯ, ತಿಳಿಸಾರು ಆಯಿತು. ಮಗು ಮಾತ್ರ ಕೋಳಿಯ ವಾಸನೆ ಹಿಡಿದು ಅಡುಗೆಮನೆ ಬಾಗಿಲಲ್ಲೇ ನಿಂತಿತ್ತು.

ಅವಳ ಮುಂದಿನ ಕೆಲಸದ ಬಗ್ಗೆ ಮಾತಾಡಿದೆವು, ಗೊತ್ತಿದ್ದ ಮೂರು ಕಡೆ ಹೇಳುತ್ತೇನೆ ಅಂದೆ. ಒಂದು ಕಡೆ ಇಂಟರ್‌ವ್ಯೂ ಆಗಿದೆ, ಇನ್ನೂ ಉತ್ತರ ಬಂದಿಲ್ಲ. ನನ್ನ ಕೆಲಸವೂ ಮುಂದಿನ ವರ್ಷ ಇರುತ್ತೆ ಅಂತ ಯಾರೂ ಬರೆದುಕೊಟ್ಟಿಲ್ಲ.

ಎರಡನೇ ಸಲ ಅನ್ನ ಬಡಿಸುವಾಗ ರೂಮಿನಲ್ಲಿ ಚಾರ್ಜಿಗೆ ಹಾಕಿದ್ದ ಫೋನ್ ಗುಂಯ್ ಅಂತ ಸದ್ದು ಮಾಡಿತು. ಅಮ್ಮ ನನ್ನ ಮುಖ ನೋಡಿದಳು. ನಾನು ಸಾರಿನ ಸೌಟು ಎತ್ತಿಕೊಂಡು ಗೆಳತಿಯ ಕಡೆ ತಿರುಗಿ, "ಇನ್ನೊಂಚೂರು ಹಾಕ್ಲೇನೇ?" ಅಂದೆ.