ನಡು ತಪ್ಪಿದ ತೂತು

ಹಳೆಯ ಪ್ಲಾಸ್ಟಿಕ್ ಜಾಡಿಯೊಂದನ್ನು ತೂಗುದೀಪವಾಗಿಸುವ ಹುಮ್ಮಸ್ಸಿನಲ್ಲಿ ಈಚೆಗೆ ನಾವು ಅದರ ಮುಚ್ಚಳಕ್ಕೆ ದುಂಡನೆಯ ತೂತು ಕೊರೆಯಲು ಕುಳಿತೆವು. ಹೊಸದಾಗಿ ಕೊಂಡ ರೋಟರಿ ಟೂಲ್ ಕೈಯಲ್ಲಿತ್ತು. ನಡುವನ್ನು ಕಣ್ಣಳತೆಯಲ್ಲೇ ಗುರುತಿಸಿ, ಯಂತ್ರವನ್ನು ಪೂರ್ಣ ವೇಗಕ್ಕೆ ಏರಿಸಿ ಅದುಮಿದೆವು. ಪ್ಲಾಸ್ಟಿಕ್ ಕತ್ತರಿಸುವ ಬದಲು ಕರಗಿ ಅಲಗಿಗೆ ಅಂಟಿತು. ತೂತು ಒಂದು ಬದಿಗೆ ಸರಿಯಿತು. ಜಾಡಿ ವಾಲಿಕೊಂಡು ತೂಗಿತು. ಪಕ್ಕದಲ್ಲಿದ್ದ ಮಗಳು, "ಅಪ್ಪ, ಡ್ರಿಲ್‌ಗೆ ಕನ್ನಡದಲ್ಲಿ ಏನಂತಾರೆ?" ಎಂದಳು. ನಮಗೆ ತಟ್ಟನೆ ಉತ್ತರ ಹೊಳೆಯಲಿಲ್ಲ.

ಎರಡನೆಯ ಮುಚ್ಚಳಕ್ಕೆ ಅವಸರಪಡಲಿಲ್ಲ. ಕಾಗದದ ಚೌಕ ಮೂಲೆಯೊಂದನ್ನು ಮುಚ್ಚಳದ ಅಂಚಿಗೆ ತಾಗುವಂತೆ ಇಟ್ಟೆವು. ಮೂಲೆಯ ಎರಡು ಬದಿಗಳು ಅಂಚನ್ನು ಹಾಯುವ ಬಿಂದುಗಳನ್ನು ಕೂಡಿಸಿದರೆ ಅದೇ ವ್ಯಾಸ. ಮುಚ್ಚಳವನ್ನು ಕೊಂಚ ತಿರುಗಿಸಿ ಇನ್ನೊಂದು ವ್ಯಾಸ ಎಳೆದರೆ, ಎರಡೂ ಕೂಡುವಲ್ಲಿ ನಡು. ಶಾಲೆಯಲ್ಲಿ ಅಂಕಕ್ಕಾಗಿ ಕಲಿತ ರೇಖಾಗಣಿತ ಅಂದು ಮೊದಲ ಸಲ ನಮ್ಮ ಕೈಗೆ ಬಂತು.

ಆಮೇಲೆ ಕೈವಾರದಿಂದ 40 ಮಿಲಿಮೀಟರ್ ವ್ಯಾಸದ ಗೆರೆ ಎಳೆದು, ಮುಚ್ಚಳವನ್ನು ಮರದ ಹಲಗೆಗೆ ಬಿಗಿದು, ನಡುವಿನಲ್ಲಿ ಸಣ್ಣ ತೂತು ಮಾಡಿದೆವು. ಅದರಲ್ಲಿ ಕೀಲು ಊರಿ, ಯಂತ್ರವನ್ನು ಕೈವಾರದಂತೆಯೇ ಸುತ್ತಿಸುವ ಜೋಡಣೆಯನ್ನು ಬಳಸಿದೆವು. ಈ ಉಪಕರಣಗಳು ನಿಮಿಷಕ್ಕೆ 30,000 ಸುತ್ತುಗಳವರೆಗೂ ತಿರುಗಬಲ್ಲವು. ಪ್ಲಾಸ್ಟಿಕ್ಕಾದರೋ ಶಾಖವನ್ನು ಬೇಗ ಹರಿಯಬಿಡದು, ಉಜ್ಜಿದಲ್ಲೇ ಕರಗುತ್ತದೆ. ಆದ್ದರಿಂದ ಕಡಿಮೆ ವೇಗ, ಹಗುರ ಕೈ, ನಡುನಡುವೆ ವಿರಾಮ. ಗೆರೆಯ ಒಳಗೇ ಕೊಯ್ದು, ಉಳಿದುದನ್ನು ಅರದಿಂದಲೂ ಉಪ್ಪುಕಾಗದದಿಂದಲೂ ಗೆರೆಯವರೆಗೆ ತಂದೆವು. ಹೆಚ್ಚು ಕೊಯ್ದುದನ್ನು ಮರಳಿ ಸೇರಿಸಲಾಗದು. ಕಣ್ಣಿಗೆ ಕನ್ನಡಕ, ಮೂಗಿಗೆ ಮುಸುಕು ಇದ್ದೇ ಇದ್ದವು.

ಈ ಅರ್ಧ ದಿನದಲ್ಲಿ ಮಗಳ ಬಾಯಲ್ಲಿ ಬೈರಿಗೆ, ಕೈವಾರ, ಅರ, ಕೀಲು, ಅಂಚು ಎಂಬ ಮಾತುಗಳು ತಾವಾಗಿ ಬಂದು ಕುಳಿತವು. ಯಾವುದನ್ನೂ ಬಾಯಿಪಾಠ ಮಾಡಿಸಿದ್ದಿಲ್ಲ. ಹೊರನಾಡಿನಲ್ಲಿ ನಾವು ಮಕ್ಕಳಿಗೆ ಕೊಡುವ ಕನ್ನಡ ಬಹುಮಟ್ಟಿಗೆ ನವೆಂಬರಿನ ವೇದಿಕೆಯ ಕನ್ನಡ: ಒಂದು ಗೀತೆ, ಒಂದು ಭಾಷಣ, ಒಂದು ಬಹುಮಾನ. ಅದು ಬೇಡವೆನ್ನುವವರು ನಾವಲ್ಲ. ಆದರೆ ಕೈ ಕೆಲಸ ಮಾಡುವ ಹೊತ್ತಿನಲ್ಲಿ ಬಾಯಿಗೆ ಬಾರದ ಭಾಷೆ ಮನೆಯ ಭಾಷೆಯಾಗಿ ಎಷ್ಟು ಕಾಲ ಉಳಿದೀತು?

ಯಂತ್ರವೇ ಹೊರಗಿನದು, ಅದಕ್ಕೇಕೆ ಕನ್ನಡ ಎಂದು ಕೇಳುವವರಿದ್ದಾರೆ. ರೋಟರಿ ಟೂಲ್ ರೋಟರಿ ಟೂಲ್ ಆಗಿಯೇ ಇರಲಿ. ಅದಕ್ಕೊಂದು ಸಂಸ್ಕೃತದ ಹೆಸರು ಹೊಸೆಯುವ ಹಟ ನಮಗಿಲ್ಲ. ಅದರ ಸುತ್ತಲಿನ ಮಾತುಗಳು ಮಾತ್ರ ನಮ್ಮ ಬಡಗಿಗಳೂ ಕಮ್ಮಾರರೂ ಬಳಸಿ ಸವೆಸಿದವು. ಅಕ್ಷರ ಬಲ್ಲ ನಾವು ಅವರ ಕೆಲಸವನ್ನು ಕೀಳೆಂದು ಬಗೆದೆವು. ಅದರೊಡನೆ ಅವರ ನುಡಿಯನ್ನೂ ಕೈಬಿಟ್ಟೆವು. ಮಗಳ ಪ್ರಶ್ನೆಗೆ ನಾವು ತಡವರಿಸಿದ್ದು ಆ ಸಾಲದ ಬಡ್ಡಿ.

ನಮ್ಮ ಕೂಟಗಳ ಮಕ್ಕಳ ತರಗತಿಯಲ್ಲಿ ತಿಂಗಳಿಗೊಂದು ಗಂಟೆ ಕೈಗೆಲಸಕ್ಕೆ ಮೀಸಲಾಗಲಿ. ಹಲಗೆ, ಕೈವಾರ, ಒಂದು ಹಳೆಯ ಮುಚ್ಚಳ ಸಾಕು. ಕಲಿಸಲು ಪಂಡಿತರು ಬೇಡ. ನಮ್ಮ ನಡುವಿನ ಬಡಗಿಯೊಬ್ಬರನ್ನು ಗೌರವದಿಂದ ಕರೆಯೋಣ. ನಮ್ಮ ಜಾಡಿ ಈಗ ನೆಟ್ಟಗೆ ತೂಗುತ್ತಿದೆ. ವಾಲಿದ ಮೊದಲ ಮುಚ್ಚಳವನ್ನು ಮಗಳು ಎಸೆಯಗೊಡಲಿಲ್ಲ.