ಜೋಳದ ಋಣವೂ ಕರ್ಣನ ನಾಲಗೆಯೂ

ಮಹಾಭಾರತದ ಕಥೆಯನ್ನು ಹೇಳಿ ಕೇಳುವ ಮನೆಗಳಲ್ಲಿ ಧರ್ಮರಾಯನನ್ನು ಗೌರವಿಸುವವರುಂಟು, ಅರ್ಜುನನನ್ನು ಮೆಚ್ಚುವವರುಂಟು. ಆದರೆ ಕಣ್ಣೀರು ಬರುವುದು ಕರ್ಣನಿಗಾಗಿ. ಹೆತ್ತವಳು ಹೊಳೆಯಲ್ಲಿ ತೇಲಿಬಿಟ್ಟ ಕೂಸು ಸೂತನ ಮನೆಯಲ್ಲಿ ಬೆಳೆದು, ವಿದ್ಯೆಯಿದ್ದೂ ಕುಲವಿಲ್ಲದವನೆನಿಸಿಕೊಂಡು, ಕಡೆಗೆ ತಮ್ಮನ ಬಾಣಕ್ಕೆ ಬಲಿಯಾಯಿತೆಂಬ ಕಥೆಯನ್ನು ಕೇಳಿ ಮನಸ್ಸು ಕರಗದವರು ಯಾರು? ಆದರೂ ಕಣ್ಣನ್ನು ಒರಸಿಕೊಂಡ ಮೇಲೆ ಕೇಳಿಕೊಳ್ಳತಕ್ಕ ಪ್ರಶ್ನೆಯೊಂದುಂಟು. ಇಷ್ಟು ದೊಡ್ಡ ಮನುಷ್ಯನು ಎಡವಿದ್ದು ಎಲ್ಲಿ?

ಅಧರ್ಮಿಯಾದ ದುರ್ಯೋಧನನ ಪಕ್ಷವನ್ನು ಬಿಡದೆ ಹೋದುದೇ ಅವನ ತಪ್ಪೆಂದು ಸಾಮಾನ್ಯವಾಗಿ ಹೇಳುವರು. ಮೂವತ್ತು ವರ್ಷಕ್ಕೂ ಮಿಕ್ಕು ಈ ಕಥೆಯನ್ನು ತರಗತಿಯಲ್ಲಿ ಹೇಳಿದ ನನಗೆ ಈ ಉತ್ತರವು ಒಪ್ಪಿಗೆಯಾಗಿಲ್ಲ. ಏಕೆಂಬುದನ್ನು ಹೇಳಬೇಕಾದರೆ ಮೊದಲು ನಮ್ಮ ಹಿರಿಯರ ಮಾತೊಂದನ್ನು ನೆನೆಯಬೇಕು.

ಹಳಗನ್ನಡದಲ್ಲಿ ‘ಜೋಳವಾಳಿ’ ಎಂಬ ಮಾತಿದೆ. ಒಡೆಯನ ಜೋಳವನ್ನು ಉಂಡವನು ಆ ಋಣವನ್ನು ತನ್ನ ಪ್ರಾಣದಿಂದಲೇ ತೀರಿಸುವುದೆಂದು ಅದರ ಅರ್ಥ. ಅದರ ಜೊತೆಯ ಮಾತು ‘ವೇಳೆವಾಳಿ’. ಒಡೆಯನಿಗೆ ವೇಳೆ ಬಂದಾಗ ಅವನೊಡನೆ ಸಾಯುವೆನೆಂದು ಮಾಡಿದ ಪ್ರತಿಜ್ಞೆ. ಇವು ಕವಿಗಳ ಅಲಂಕಾರವಲ್ಲ. ಜನರು ಬದುಕಿ ಸತ್ತ ಕಟ್ಟಳೆ. ಹೊಸೂರು ರಸ್ತೆಯಲ್ಲಿ ಇಲೆಕ್ಟ್ರಾನಿಕ್ ಸಿಟಿಗೆ ಹೋಗುವವರು ದಾರಿಯಲ್ಲಿ ಪಶ್ಚಿಮಕ್ಕೆ ತಿರುಗಿದರೆ ಬೇಗೂರು ಸಿಕ್ಕುತ್ತದೆ. ಅಲ್ಲಿಯ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 890ರ ಶಾಸನವೊಂದರಲ್ಲಿ ‘ಬೆಂಗಳೂರು’ ಎಂಬ ಹೆಸರು ಮೊದಲ ಸಲ ಕಾಣುತ್ತದೆಂದು ಎಲ್ಲರೂ ಹೆಮ್ಮೆಪಡುವರು. ಅದು ಕಾಣುವುದು ಒಂದು ಕಾಳಗದಲ್ಲಿ ಮಡಿದವರ ಸ್ಮರಣೆಯಲ್ಲಿ ಎಂಬುದನ್ನು ಮಾತ್ರ ಮರೆಯುವರು. ಅದೇ ಊರಿನ ಇನ್ನೊಂದು ವೀರಗಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಎರೆಯಪ್ಪನ ಅಪ್ಪಣೆಯಂತೆ ನಾಗತ್ತರನೆಂಬವನು ತುಂಬೆಪಾಡಿಯಲ್ಲಿ ಆನೆಗಳ ನಡುವೆ ಕಾದಿ ಸತ್ತನು. ಅರಸನು ಮೆಚ್ಚಿ ಇರುಗನಿಗೆ ಬೇಗೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಉಂಡ ಜೋಳಕ್ಕೆ ಪ್ರಾಣ, ಪ್ರಾಣಕ್ಕೆ ನೆಲ. ಲೆಕ್ಕ ಸರಿಹೋಯಿತು.

ಈ ಕಲ್ಲಿನ ಕಾಲಕ್ಕೆ ಬಹು ದೂರದವನಲ್ಲ ನಮ್ಮ ಪಂಪ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ ಈ ಕವಿ ತಾನೂ ಕತ್ತಿ ಹಿಡಿದವನು, ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಿದ್ದವನು. ಒಡೆಯನನ್ನೇ ಅರ್ಜುನನೆಂದು ಭಾವಿಸಿ ಕಾವ್ಯವನ್ನು ಕಟ್ಟುವುದು ಅವನಿಗೆ ಬಂದ ಋಣ. ಆ ಋಣವನ್ನು ಅವನು ಚೆನ್ನಾಗಿಯೇ ತೀರಿಸಿದನು. ಆದರೆ ಭಾರತದಲ್ಲಿ ಒಬ್ಬನನ್ನೇ ನೆನೆಯುವುದಾದರೆ ಯಾರನ್ನು ನೆನೆಯಬೇಕೆಂಬ ಪ್ರಶ್ನೆ ಬಂದಾಗ ಅವನ ಲೇಖನಿ ಅರ್ಜುನನ ಹೆಸರನ್ನು ಬರೆಯಲಿಲ್ಲ. ಒಡೆಯನ ಶತ್ರುವಿನ ಸ್ಥಾನದಲ್ಲಿದ್ದ ಕರ್ಣನ ಹೆಸರನ್ನು ಬರೆಯಿತು. ಅರಿಕೇಸರಿಯು ಅದನ್ನು ಕೇಳಿ ಸಹಿಸಿದನೆಂಬುದೂ ಅವನಿಗೆ ಸಲ್ಲಬೇಕಾದ ಗೌರವವೇ ಸರಿ.

ಉದ್ಯೋಗಪರ್ವದಲ್ಲಿ ಸಂಧಿಯು ಮುರಿದ ಮೇಲೆ ಕೃಷ್ಣನು ಕರ್ಣನನ್ನು ತನ್ನ ರಥದಲ್ಲಿ ಕೂರಿಸಿಕೊಂಡು ಊರ ಹೊರಕ್ಕೆ ಹೋಗಿ ಜನ್ಮರಹಸ್ಯವನ್ನು ತಿಳಿಸುವನಷ್ಟೆ. ನೀನು ಹಿರಿಯ ಪಾಂಡವ, ಬಾ, ರಾಜ್ಯವು ನಿನ್ನದು ಎಂಬ ಆಸೆಯನ್ನೂ ತೋರಿಸುವನು. ವ್ಯಾಸರ ಕರ್ಣನು ಅದಕ್ಕೆ ಕೊಡುವ ಉತ್ತರವನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ತನ್ನನ್ನು ಕಂಡೊಡನೆ ಎದೆಯಲ್ಲಿ ಹಾಲು ತುಂಬಿಬಂದ ರಾಧೆಯನ್ನು ಅವನು ನೆನೆಯುತ್ತಾನೆ. ಸೂತರಲ್ಲಿ ಬೆಳೆಸಿದ ಸಂಬಂಧಗಳನ್ನು ನೆನೆಯುತ್ತಾನೆ. ದುರ್ಯೋಧನನ ನೆರಳಿನಲ್ಲಿ ಹದಿಮೂರು ವರ್ಷ ರಾಜ್ಯಸುಖವನ್ನು ಉಂಡುದನ್ನು ನೆನೆಯುತ್ತಾನೆ. ಇಡೀ ಭೂಮಿಯನ್ನು ಕೊಟ್ಟರೂ ಈ ಕಟ್ಟನ್ನು ಕಡಿಯಲಾರೆನೆನ್ನುತ್ತಾನೆ. ಈ ಗುಟ್ಟನ್ನು ಧರ್ಮರಾಯನಿಗೆ ಹೇಳಬೇಡವೆಂದೂ ಬೇಡುತ್ತಾನೆ. ಧರ್ಮರಾಯನಿಗೆ ತಿಳಿದರೆ ಅವನು ರಾಜ್ಯವನ್ನು ತನಗೆ ಒಪ್ಪಿಸುವನು, ತಾನು ಅದನ್ನು ದುರ್ಯೋಧನನಿಗೆ ಕೊಟ್ಟುಬಿಡಬೇಕಾಗುವುದು ಎಂಬ ಭಯ! ಪಂಪನಲ್ಲಿ ಈ ನಿಷ್ಠೆಗೆ ಮನೆಯೊಳಗಣ ಬೆಚ್ಚನೆಯ ಕಾರಣವೊಂದೂ ಸೇರುತ್ತದೆ. ಭಾನುಮತಿಯೊಡನೆ ನೆತ್ತವಾಡುವಾಗ ಸೆಳೆದಾಟದಲ್ಲಿ ಅವಳ ಮುತ್ತಿನ ಹಾರವು ಹರಿದುಹೋಯಿತು. ಅದನ್ನು ಕಂಡ ಪತಿಯು ಕಿಂಚಿತ್ತೂ ಸಂಶಯಪಡದೆ, ಮುತ್ತುಗಳನ್ನು ಆಯ್ದುಕೊಡಲೇ ಎಂದು ಕೇಳಿದನು. ತನ್ನನ್ನು ಇಷ್ಟು ನಂಬಿದವನನ್ನು ಬಿಟ್ಟು ಹೋಗುವುದು ಹೇಗೆ? ಈ ಸ್ಥಳದಲ್ಲಿ ಕರ್ಣನನ್ನು ತಪ್ಪಿತಸ್ಥನೆನ್ನುವವನು ಒಂದು ದಿನವಾದರೂ ಇನ್ನೊಬ್ಬರ ಅನ್ನವನ್ನು ಉಂಡವನಲ್ಲವೆಂದೇ ನಾನು ತಿಳಿಯುವೆನು.

ಹಾಗಾದರೆ ತಪ್ಪು ಎಲ್ಲಿದೆ? ಅದು ಹದಿಮೂರು ವರ್ಷದ ಹಿಂದೆ, ದ್ಯೂತಸಭೆಯಲ್ಲಿ ನಡೆದುಹೋಗಿತ್ತು. ದ್ರೌಪದಿಯನ್ನು ಎಳೆದು ತಂದಾಗ ಭೀಷ್ಮದ್ರೋಣಾದಿಗಳು ತಲೆ ತಗ್ಗಿಸಿ ಕುಳಿತಿದ್ದರು. ಆಗ ಎದ್ದು ನಿಂತವನು ವಿಕರ್ಣ. ಧೃತರಾಷ್ಟ್ರನ ಮಗ, ದುರ್ಯೋಧನನ ಒಡಹುಟ್ಟಿದವನು. ತನ್ನನ್ನೇ ಸೋತ ಧರ್ಮರಾಯನಿಗೆ ಆ ಮೇಲೆ ಹೆಂಡತಿಯನ್ನು ಪಣವಾಗಿ ಇಡುವ ಅಧಿಕಾರವೆಲ್ಲಿಯದು, ಐವರಿಗೂ ಸೇರಿದವಳನ್ನು ಒಬ್ಬನು ಹೇಗೆ ಒಡ್ಡಿಯಾನು ಎಂದು ಹುಡುಗನು ನ್ಯಾಯವನ್ನು ಎತ್ತಿ ಆಡಿದನು. ಸಭೆಯವರು ಅವನನ್ನು ಹೊಗಳಿದರು. ಅವನ ಬಾಯನ್ನು ಮುಚ್ಚಿಸಿದವನು ದುರ್ಯೋಧನನಲ್ಲ, ಕರ್ಣ. ನೀನು ಇನ್ನೂ ಮಗು, ಧರ್ಮವನ್ನು ಅರಿಯದವನು ಎಂದು ಜರೆದು, ಪಾಂಡವರ ಮತ್ತು ದ್ರೌಪದಿಯ ವಸ್ತ್ರಗಳನ್ನು ಕಿತ್ತುಕೊಳ್ಳೆಂದು ದುಃಶಾಸನನಿಗೆ ಹೇಳಿದವನೂ ಅವನೇ.

ಇದನ್ನು ಜೋಳವಾಳಿಯು ಬೇಡಿತ್ತೇ? ನಾಗತ್ತರನ ಕಲ್ಲನ್ನು ಎಷ್ಟು ಸಲ ನೋಡಿದರೂ, ಕತ್ತಿಯನ್ನು ಕೊಡು, ಮೈಯನ್ನು ಕೊಡು ಎಂಬುದರ ಹೊರತು ಬೇರೇನೂ ನನಗೆ ಅಲ್ಲಿ ಕಾಣಲಿಲ್ಲ. ಒಡೆಯನಿಗೆ ಹಿತವಾಗುವಂತೆ ಸುಳ್ಳನ್ನಾಡು, ಅಬಲೆಯೊಬ್ಬಳನ್ನು ಹೀಯಾಳಿಸು ಎಂಬ ಷರತ್ತು ಆ ಒಪ್ಪಂದದಲ್ಲಿಲ್ಲ. ವಿಕರ್ಣನೂ ಅದೇ ಅಡಿಗೆಮನೆಯ ಅನ್ನವನ್ನು ಉಂಡವನು. ಅವನು ಸಭೆಯಲ್ಲಿ ಅಣ್ಣನ ಎದುರು ಮಾತನಾಡಿದನು. ಯುದ್ಧದಲ್ಲಿ ಅಣ್ಣನ ಪಕ್ಕದಲ್ಲಿಯೇ ನಿಂತು ಸತ್ತನು. ನೂರ್ವರನ್ನೂ ಕೊಲ್ಲುವೆನೆಂಬ ಶಪಥಕ್ಕೆ ಕಟ್ಟುಬಿದ್ದು ಅವನನ್ನು ಕೊಂದ ಭೀಮನು, ಕೊಂದ ಬಳಿಕ ಅವನಿಗಾಗಿ ಮರುಗಿದನು. ಭೀಮನು ಮರುಗುವುದು ಅಷ್ಟು ಸುಲಭವಲ್ಲವೆಂದು ವಾಚಕರು ಬಲ್ಲರು.

ಈ ವಿಚಾರವನ್ನು ಈ ತಿಂಗಳು ಎತ್ತಿಕೊಂಡುದಕ್ಕೆ ಕಾರಣವುಂಟು. ಪೀಣ್ಯದ ಕಡೆಯ ಒಂದು ಸಣ್ಣ ಕಾರ್ಖಾನೆಯಲ್ಲಿ, ಲೋಹದ ಸಾಮಾನುಗಳಿಗೆ ಕ್ರೋಮಿಯಂ ಲೇಪನ ಮಾಡುವ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದಿದ್ದನು. ಅವನ ತಾಯಿಗೆ ಶಸ್ತ್ರಚಿಕಿತ್ಸೆಯಾದಾಗ ಹಣವನ್ನು ಕೊಟ್ಟವನು ಕಾರ್ಖಾನೆಯ ಯಜಮಾನ, ಬಡ್ಡಿಯಿಲ್ಲ, ಪತ್ರವಿಲ್ಲ. ಈಗ ಆ ಯಜಮಾನನೇ, ಮಳೆ ಬಂದ ರಾತ್ರಿಗಳಲ್ಲಿ ತೊಟ್ಟಿಯ ವಿಷದ ನೀರನ್ನು ಶುದ್ಧಿಮಾಡದೆ ಮೋರಿಗೆ ಬಿಡಲು ಇವನಿಗೆ ಹೇಳುವನಂತೆ. ಮೋರಿಯ ನೀರು ಕೆರೆಗೆ, ಕೆರೆಯ ನೀರು ಬಾವಿಗೆ.

“ಮೇಷ್ಟ್ರೇ, ಅಮ್ಮ ಬದುಕಿರುವುದೇ ಅವರಿಂದ. ಅವರ ಅನ್ನ ತಿಂದು ಅವರಿಗೇ ಎದುರು ಹೇಳಲೇ? ನೀವೇ ಅಲ್ಲವೇ ನಮಗೆ ಕರ್ಣನ ಪಾಠ ಮಾಡಿದ್ದು?” ಎಂದನು.

“ಕರ್ಣನ ಪಾಠದಲ್ಲಿ ವಿಕರ್ಣನೂ ಇದ್ದನಪ್ಪಾ. ಯಜಮಾನರ ಮುಖ ನೋಡಿ, ಬಾಗಿಲು ಹಾಕಿಕೊಂಡು, ಒಬ್ಬರೇ ಇರುವಾಗ ಹೇಳು. ಊರಿಗೆಲ್ಲ ಸಾರುವ ಮೊದಲು ಅವರಿಗೆ ಹೇಳು. ಕವಾಟವನ್ನು ಮಾತ್ರ ನಿನ್ನ ಕೈಯಿಂದ ತಿರುಗಿಸಬೇಡ” ಎಂದೆನು.

“ಕೆಲಸ ಹೋದರೆ?”

ಈ ಪ್ರಶ್ನೆಗೆ ಶಾಸ್ತ್ರದಲ್ಲಿ ಹಿತವಾದ ಉತ್ತರವಿಲ್ಲ. ಹೋದರೂ ಸಾಲವು ಉಳಿಯುವುದು, ಅದನ್ನು ಬೇರೆಡೆ ದುಡಿದು ತೀರಿಸತಕ್ಕದ್ದು ಎಂದು ಹೇಳಿದೆನು. ಪಕ್ಕದಲ್ಲಿ ಕುಳಿತಿದ್ದ ಅವನ ತಂದೆಯು, “ವಿದುರ ಜನ್ಮವೆಲ್ಲ ಹೇಳಿದ ಸ್ವಾಮಿ, ಯಾರು ಕೇಳಿದರು?” ಎಂದು ನಕ್ಕರು. ಆ ಮಾತಿನಲ್ಲಿ ಸತ್ಯವಿಲ್ಲವೆನ್ನಲಾರೆ. ಹೇಳುವವನಿಗೆ ಕೇಳಿಸುವ ಶಕ್ತಿಯಿರುವುದಿಲ್ಲ. ವಿಕರ್ಣನ ಮಾತಿನಿಂದಲೂ ಸೀರೆಯ ಸೆಳೆತವು ನಿಲ್ಲಲಿಲ್ಲ. ಆದರೆ ದುರ್ಯೋಧನನು ವಿದುರನ ಮಾತನ್ನು ತಳ್ಳಿದಷ್ಟು ಸುಲಭವಾಗಿ ಕರ್ಣನ ಮಾತನ್ನು ತಳ್ಳುತ್ತಿದ್ದನೇ? ಕರ್ಣನ ತೋಳನ್ನು ನಂಬಿಯೇ ಅಲ್ಲವೆ ಅವನು ಯುದ್ಧಕ್ಕೆ ಹೊರಟುದು? ಸಭೆಯಲ್ಲಿ ಆ ಒಬ್ಬನು “ಗೆಳೆಯಾ, ಇದು ಬೇಡ” ಎಂದಿದ್ದರೆ ಎಂಬ ಯೋಚನೆಯು ನನ್ನನ್ನು ಬಹಳ ಸಲ ಕಾಡಿದೆ. ಉಪ್ಪಿನ ಋಣವುಳ್ಳವನ ಮಾತಿಗೇ ಅಲ್ಲಿ ತೂಕವಿತ್ತು.

ಕರ್ಣನಿಗೆ ಇದು ತಿಳಿಯದೆ ಇರಲಿಲ್ಲ. ರಥದಲ್ಲಿ ಕೃಷ್ಣನಿಗೆ ಉತ್ತರ ಹೇಳುವಾಗ ನಡುವೆ ಅವನು ಇನ್ನೊಂದು ಮಾತನ್ನೂ ಆಡುತ್ತಾನೆ. ಪಾರಾಯಣ ಮಾಡುವವರು ಅದನ್ನು ಬೇಗನೆ ದಾಟಿಬಿಡುವರು. ದುರ್ಯೋಧನನಿಗೆ ಪ್ರಿಯವಾಗಲೆಂದು ಪಾಂಡವರನ್ನು ಕುರಿತು ತಾನಾಡಿದ ಕಟುನುಡಿಗಳಿಗಾಗಿ ಈಗ ಬೇಯುತ್ತಿರುವೆನೆಂದು ಅವನು ಒಪ್ಪಿಕೊಳ್ಳುತ್ತಾನೆ. ದ್ರೌಪದಿಗೆ ಅದನ್ನು ಹೇಳಲಿಲ್ಲ. ದುರ್ಯೋಧನನಿಗೂ ಹೇಳಲಿಲ್ಲ. ಕೃಷ್ಣನೊಬ್ಬನಿಗೆ ಹೇಳಿ, ಅವನನ್ನು ಬಿಗಿಯಾಗಿ ಅಪ್ಪಿಕೊಂಡು, ರಥದಿಂದಿಳಿದು, ತನ್ನ ರಥವನ್ನು ಹತ್ತಿ ಹಸ್ತಿನಾವತಿಗೆ ಹಿಂದಿರುಗಿದನು.